ಸೋಗಿನ ಕೋವಿ: ಗ್ಯಾರೇಜಿನ ನಾಲ್ಕು ತಿಂಗಳು

ಆಗಸ್ಟ್ 17, 2024

ಗ್ಯಾರೇಜಿನಲ್ಲಿ ನಾನೇ ಜೋಡಿಸಲು ಹೊರಟಿರುವ ಹಳೆಯ ಕಾಲದ ಕೋವಿಯ ನಕಲಿಗೆ ಲೋವರ್, ಅಂದರೆ ಕೆಳಭಾಗದ ಚೌಕಟ್ಟು, ಮನೆಗೆ ಬಂತು. ಅಂಗೈಯಗಲದ ಒಂದು ಅಲ್ಯುಮಿನಿಯಂ ತುಂಡು, ಅಷ್ಟೇ. ನಳಿಗೆ ಇಲ್ಲ, ಕುದುರೆ (ಟ್ರಿಗರ್) ಇಲ್ಲ, ಭುಜಕ್ಕೆ ಒತ್ತುವ ಬಟ್ ಇಲ್ಲ. ಆದರೂ ಅಮೆರಿಕದ ಕಾನೂನಿನ ಲೆಕ್ಕದಲ್ಲಿ ಕೋವಿ ಅಂದರೆ ಇದೇ. ಸೀರಿಯಲ್ ನಂಬರ್ ಇರುವುದು ಇದರ ಮೇಲೆ. ಇದನ್ನು ಲೈಸೆನ್ಸ್ ಇರುವ ಅಂಗಡಿಯಿಂದಲೇ ತರಬೇಕು. 4473 ಅನ್ನೋ ಫಾರಂ ತುಂಬಬೇಕು, ಅವರು ನಮ್ಮ ಹಿನ್ನೆಲೆ ತಪಾಸಣೆ ಮಾಡಿಸಬೇಕು. ಮಿಕ್ಕಿದ್ದೆಲ್ಲ, ನಳಿಗೆ ಕೂಡ, ಟೆಕ್ಸಸ್‌ನ ನಮ್ಮ ಮನೆ ಬಾಗಿಲಿಗೆ ಪುಸ್ತಕ ಬಂದ ಹಾಗೆ ಪಾರ್ಸಲ್‌ನಲ್ಲಿ ಬರುತ್ತದೆ. ಊರಲ್ಲಿ ಅಜ್ಜಯ್ಯನ ಕೇಪಿನ ಕೋವಿಯ ಲೈಸೆನ್ಸ್ ನವೀಕರಣಕ್ಕೆ ಅಪ್ಪಯ್ಯ ತಿರುಗಿದ್ದನ್ನು ನೋಡಿ ಬೆಳೆದವನು ನಾನು. ಈ ಎರಡು ಲೋಕ ನನ್ನ ತಲೆಯಲ್ಲಿ ಇನ್ನೂ ಹೊಂದಿಕೊಂಡಿಲ್ಲ.

ಎಚ್-1ಬಿ ವೀಸಾದಲ್ಲಿ ಇದ್ದಷ್ಟು ವರ್ಷ ಇದನ್ನು ಮುಟ್ಟುವ ಯೋಚನೆಯೇ ಇರಲಿಲ್ಲ. ಆ ವೀಸಾದವರು ಕೋವಿ ಇಟ್ಟುಕೊಳ್ಳುವ ಹಾಗಿಲ್ಲ. ಬೇಟೆಯ ಲೈಸೆನ್ಸ್‌ನಂಥ ಕೆಲವು ವಿನಾಯಿತಿ ಇವೆ ಅನ್ನಿ, ಆದರೆ ಸುಮ್ನೆ ಯಾಕೆ ತಲೆನೋವು? ಗ್ರೀನ್ ಕಾರ್ಡ್ ಕೈಗೆ ಬಂದ ಮೇಲೇ ಮೊದಲ ಸ್ಕ್ರೂ ಕೊಂಡಿದ್ದು. ನಾನು ಹೀಗೆ ಬರೆದೆ ಅಂತ ಯಾರೂ ಅಂಗಡಿಗೆ ಓಡಬೇಡಿ, ನಿಮ್ಮ ವೀಸಾ, ನಿಮ್ಮ ರಾಜ್ಯದ ಕಾನೂನು ಎರಡನ್ನೂ ನೋಡಿಕೊಳ್ಳಿ.

ಮಾಡಲು ಹೊರಟಿದ್ದು ಯಾವ ಕೋವಿ ಅಂತ ಹೇಳಲೇ ಇಲ್ಲ ಅಲ್ವಾ? ಎಕ್ಸ್‌ಎಂ177ಇ2. ವಿಯೆಟ್ನಾಂ ಯುದ್ಧದ ಕಾಲದಲ್ಲಿ ಕೋಲ್ಟ್ ಕಂಪನಿ ಮಾಡಿದ ಕಾರ್ಬೈನ್, ಅಂದರೆ ಗಿಡ್ಡ ರೈಫಲ್. ಎಂ16 ರೈಫಲ್ಲಿನ ತಮ್ಮ. ಅಣ್ಣನ ನಳಿಗೆ 20 ಇಂಚು, ಇವನದು ಹನ್ನೊಂದೂವರೆ. ಬಟ್ ಒಳಗೆ ಸರಿದು ಚಿಕ್ಕದಾಗುತ್ತದೆ. ಹೆಸರಿನ ಎಕ್ಸ್ ಅಂದರೆ ಪ್ರಯೋಗದ ಹಂತದ್ದು ಅಂತ. ಪ್ರಯೋಗದಲ್ಲೇ ಇದ್ದು, ಪ್ರಯೋಗದಲ್ಲೇ ಮುಗಿದ ಕೋವಿ.

ಆಗಸ್ಟ್ 31

ಇವತ್ತು ಕೆಲಸ ಕಡಿಮೆ, ಓದು ಜಾಸ್ತಿ.

ಈ ಕಾರ್ಬೈನ್ ಅಂದರೆ ಎಲ್ಲರಿಗೂ ಮೊದಲು ನೆನಪಾಗುವ ಪಡೆ ಎಂಎಸಿವಿ-ಎಸ್‌ಒಜಿ. 1964ರಲ್ಲಿ ಶುರುವಾದ ಅಮೆರಿಕದ ಗುಟ್ಟಿನ ಪಡೆ. ಗಡಿ ದಾಟಿ ಲಾವೋಸ್‌ಗೆ, ಕಾಂಬೋಡಿಯಾಗೆ ಹೋಗಿ ಉತ್ತರ ವಿಯೆಟ್ನಾಂ ಸೇನೆ ಸಾಮಾನು ಸಾಗಿಸುತ್ತಿದ್ದ ಹೋ ಚಿ ಮಿನ್ ದಾರಿಯ ಮೇಲೆ ಕಣ್ಣಿಡುವುದು ಇವರ ಕೆಲಸ. ಇಂಥ ಪಡೆಗೆ ಇಟ್ಟ ಹೆಸರು ನೋಡಿ: ‘ಅಧ್ಯಯನ ಮತ್ತು ವೀಕ್ಷಣಾ ತಂಡ’. ಯಾವುದೋ ಕಾಲೇಜಿನ ಭೂಗೋಳ ವಿಭಾಗ ಇದ್ದ ಹಾಗಿದೆ. ಇಂಗ್ಲಿಷ್ ಹೆಸರಿನ ಎಸ್, ಒ, ಜಿ ಮೂರು ಅಕ್ಷರ ಸೇರಿಸಿ ಇಲ್ಲಿನವರು ಸಾಗ್ ಅನ್ನುತ್ತಾರೆ. ಕನ್ನಡದವನ ಕಣ್ಣಿಗೆ ಅದು ಸೋಗ್. ಸೋಗೇ! ಇದಕ್ಕಿಂತ ಸರಿಯಾದ ಹೆಸರು ಯಾರೂ ಇಡಲಾರರು. ಅವತ್ತಿನಿಂದ ನನ್ನ ನೋಟ್‌ಬುಕ್ಕಿನಲ್ಲಿ ಈ ಯೋಜನೆಯ ಹೆಸರು ‘ಸೋಗಿನ ಕೋವಿ’.

ಹಳೆಯ ಫೋಟೋ ನೋಡುತ್ತಾ ಕೂತರೆ ಹೊತ್ತು ಹೋಗಿದ್ದೇ ಗೊತ್ತಾಗುವುದಿಲ್ಲ. ಮ್ಯಾಗಜಿನ್ (ತೋಟಾ ತುಂಬುವ ಡಬ್ಬಿ) ಇಡಲು ನೀರಿನ ಬಾಟಲಿಯ ಚೀಲವನ್ನೇ ಸೊಂಟಕ್ಕೆ ಕಟ್ಟಿಕೊಂಡಿದ್ದಾರೆ. 30 ತೋಟಾದ ಮ್ಯಾಗಜಿನ್ ಆಗ ಅಪರೂಪ. 20ರದ್ದೇ ಎಲ್ಲರ ಬಳಿ, ಅದರಲ್ಲೂ ಸ್ಪ್ರಿಂಗಿಗೆ ಭಾರ ಆಗದಿರಲಿ ಅಂತ 18 ಮಾತ್ರ ತುಂಬುತ್ತಿದ್ದರಂತೆ. ಹಾಗಾಗಿ ನಾನೂ 20ರದ್ದೇ ಕೊಂಡೆ, ಹಳೆಯದು, ಗೀರು ಬಿದ್ದದ್ದು, ನಾಲ್ಕು.

ಸೆಪ್ಟೆಂಬರ್ 14

ಬಣ್ಣದ ಗಲಾಟೆ.

ಈಗಿನ ಇಂಥ ರೈಫಲ್‌ಗಳೆಲ್ಲ ಕಡು ಕಪ್ಪು. ಆಗಿನವು ಬೂದು. ನಮ್ಮ ಕಾಲದ ಶಾಲೆಯ ಸ್ಲೇಟನ್ನು ಎಂಜಲು ಹಚ್ಚಿ ಒರೆಸಿ ಒಣಗಿಸಿದರೆ ಯಾವ ಬಣ್ಣ ಬರುತ್ತಿತ್ತು? ಅದು. ನನ್ನ ಲೋವರ್ ಆ ಬಣ್ಣದ್ದೇ. ಬೇರೆ ಕಡೆಯಿಂದ ತರಿಸಿದ ಅಪ್ಪರ್, ಅಂದರೆ ಮೇಲಿನ ಭಾಗ, ಇವತ್ತು ಬಂತು. ಟ್ಯೂಬ್‌ಲೈಟಿನ ಕೆಳಗೆ ಎರಡೂ ಒಂದೇ. ಬಿಸಿಲಿಗೆ ಹಿಡಿದರೆ ಅಪ್ಪರ್ ನೇರಳೆ! ಹಣ್ಣಾದ ನೇರಳೆಯಲ್ಲ, ನೇರಳೆ ತಿಂದ ನಾಲಿಗೆಯ ಬಣ್ಣ. ಆನೊಡೈಸಿಂಗ್ (ಅಲ್ಯುಮಿನಿಯಂಗೆ ಗಟ್ಟಿ ಬಣ್ಣದ ಪದರ ಕೊಡುವುದು) ಮಾಡುವಾಗ ಬಣ್ಣದ ತೊಟ್ಟಿಯ ಬಿಸಿ, ನೆನೆಸಿದ ಹೊತ್ತು ಹೆಚ್ಚುಕಡಿಮೆ ಆದರೆ ಹೀಗಾಗುತ್ತದೆ.

ಅರ್ಧ ದಿನ ಕೂತು ಫೋಟೋಗಳ ಜೊತೆ ಹೋಲಿಸಿದೆ. ಆಮೇಲೆ ಹೊಳೆಯಿತು, ನಾನು ಹೋಲಿಸುತ್ತಿರುವುದು ಐವತ್ತು ವರ್ಷ ಹಳೆಯ ಕಲರ್ ಫಿಲ್ಮಿನ ಜೊತೆ. ಆ ಫೋಟೋದಲ್ಲಿ ಮನುಷ್ಯರ ಮುಖವೂ ಕಿತ್ತಳೆ, ಆಕಾಶವೂ ಹಸಿರು. ಅದರಲ್ಲಿ ಕೋವಿಯ ಬೂದು ಬಣ್ಣ ಮಾತ್ರ ನಿಜ ಅಂತ ನಂಬುವುದು ಹೇಗೆ? ಮೂಲ ಕೋವಿಗಳಲ್ಲೂ ಮೇಲಿನ ಭಾಗ, ಕೆಳಗಿನ ಭಾಗ ಒಂದೇ ಬಣ್ಣ ಇರದಿರುವುದು ಮಾಮೂಲು. ಎಣ್ಣೆ ಬಟ್ಟೆಯಲ್ಲಿ ಒರೆಸಿದೆ, ನೇರಳೆ ಸ್ವಲ್ಪ ಅಡಗಿತು. ವಾಪಸ್ ಕಳಿಸುವ ಯೋಚನೆ ಬಿಟ್ಟೆ. ಹೆಂಡತಿ ಇಣುಕಿ ನೋಡಿ, “ರೀ, ರವಿಕೆಗೆ ಮ್ಯಾಚಿಂಗ್ ಹುಡುಕಿದ್ರೆ ನನ್ನ ಬೈತಿದ್ರಲ್ಲ?” ಅಂದಳು. ಉತ್ತರ ಇರಲಿಲ್ಲ.

ಸೆಪ್ಟೆಂಬರ್ 29

ಲೋವರ್ ಒಳಗಿನ ಸಣ್ಣಪುಟ್ಟ ಭಾಗ ಎಲ್ಲ ಕೂರಿಸಿ ಆಯಿತು. ಒಂದು ಸ್ಪ್ರಿಂಗ್ ಹಾರಿ ಹೋಯಿತು. ವಾಷಿಂಗ್ ಮಷಿನ್ ಹಿಂದೆ, ಮಗಳ ಸೈಕಲ್ ಕೆಳಗೆ, ಅಕ್ಕಿ ಮೂಟೆಯ ಸಂದಿಯಲ್ಲಿ, ಎಲ್ಲೂ ಇಲ್ಲ. ಒಂದೂವರೆ ಗಂಟೆ ಹುಡುಕಿದ ಮೇಲೆ ನನ್ನ ಅಂಗಿಯ ಮಡಿಕೆಯಲ್ಲೇ ಸಿಕ್ಕಿತು. ಪಿನ್ ಹೊಡೆಯುವಾಗ ಸುತ್ತಿಗೆ ಜಾರಿ ಎಡಗಡೆ ಒಂದು ಗೀರು. ಬಣ್ಣಕ್ಕೆ ಅಷ್ಟು ತಲೆ ಕೆಡಿಸಿಕೊಂಡವನು ಟೇಪ್ ಅಂಟಿಸುವುದನ್ನು ಮರೆತೆ.

ಎಡಗಡೆ ಸೇಫ್ (ಈಡು ಹಾರದು), ಸೆಮಿ (ಒಂದೊಂದೇ ಈಡು), ಆಟೋ (ಒಂದೇ ಸಮನೆ ಈಡು) ಅಂತ ಮೂರೂ ಕೆತ್ತಿದೆ. ಮೂಲದ ಹಾಗೆ ಕಾಣಲಿ ಅಂತ. ಆದರೆ ಗುಂಡಿ ಆಟೋ ಕಡೆಗೆ ತಿರುಗುವುದೇ ಇಲ್ಲ, ಒಳಗೆ ಅದಕ್ಕೆ ಬೇಕಾದ ಭಾಗವೂ ಇಲ್ಲ, ತೂತೂ ಇಲ್ಲ. 1986ರ ಮೇ 19ರ ನಂತರದ ಆಟೋಮ್ಯಾಟಿಕ್ ಕೋವಿಗಳನ್ನು ಇಲ್ಲಿ ನಮ್ಮಂಥ ಜನಸಾಮಾನ್ಯರು ಇಟ್ಟುಕೊಳ್ಳುವ ಹಾಗಿಲ್ಲ. ಬರೀ ಅಕ್ಷರ. ಸೋಗು ನಂಬರ್ ಎರಡು.

ಅಕ್ಟೋಬರ್ 11, ಆಯುಧ ಪೂಜೆ

ಕಾರು, ಮಿಕ್ಸಿ, ಲ್ಯಾಪ್‌ಟಾಪ್, ಟಾರ್ಕ್ ರೆಂಚ್, ಸುತ್ತಿಗೆ ಎಲ್ಲದಕ್ಕೂ ಅರಿಶಿನ ಕುಂಕುಮ. ಅರ್ಧ ಆದ ಕೋವಿಗೂ ಒಂದು ಚೆಂಡು ಹೂವು. ಅಪೂರ್ಣ ಆಯುಧಕ್ಕೆ ಪೂಜೆ ಮಾಡಬಹುದಾ ಅಂತ ಅಪ್ಪಯ್ಯನನ್ನು ಫೋನಿನಲ್ಲಿ ಕೇಳಿದೆ. “ಸುತ್ತಿಗೆಗೆ ಮೊದಲು ಮಾಡು ಮಾರಾಯ, ಅದೇ ಅಲ್ವಾ ಜಾರಿದ್ದು?” ಅಂದರು.

ಅಕ್ಟೋಬರ್ 26

ನಳಿಗೆಯ ತುದಿಯ ಕಥೆ. ಇಡೀ ಯೋಜನೆಯಲ್ಲಿ ನನ್ನ ನಿದ್ದೆ ಕೆಡಿಸಿದ್ದು ಇದೊಂದೇ.

ನಳಿಗೆ ಗಿಡ್ಡ ಮಾಡಿದರೆ ಮದ್ದು ಒಳಗೆ ಪೂರ್ತಿ ಉರಿಯುವ ಮೊದಲೇ ಗುಂಡು ಹೊರಗೆ ಬಿದ್ದಿರುತ್ತದೆ. ಮಿಕ್ಕ ಬೆಂಕಿ ತುದಿಯಲ್ಲಿ ಉಂಡೆಯಾಗಿ ಹೊರಬರುತ್ತದೆ, ಸದ್ದು ಕಿವಿ ಹರಿಯುವಷ್ಟು. ಮೊದಲು 10 ಇಂಚಿನ ನಳಿಗೆ ಮಾಡಿದ್ದರು, ಈ ಕಾಟ ತಡೆಯಲಾಗದೆ ಹನ್ನೊಂದೂವರೆಗೆ ಏರಿಸಿದರು. ಅದರ ತುದಿಯಲ್ಲಿ ನಾಲ್ಕೂಕಾಲು ಇಂಚಿನ ದಪ್ಪನೆಯ ಕೊಳವೆ ಇತ್ತು, ಮಾಡರೇಟರ್ ಅಂತ. ಒಳಗೆ ಅಡ್ಡಗೋಡೆಗಳಿದ್ದವು. ಬೆಂಕಿ ಕಡಿಮೆ ಆಗುತ್ತಿತ್ತು, ಸದ್ದು ಉದ್ದ ರೈಫಲ್ಲಿನ ಮಟ್ಟಕ್ಕೆ ಇಳಿಯುತ್ತಿತ್ತು. ಜೇಮ್ಸ್ ಬಾಂಡ್ ಸೈಲೆನ್ಸರ್ ಏನಲ್ಲ. ಆದರೆ ಸದ್ದು ಸ್ವಲ್ಪ ಇಳಿಸಿದರೂ ಇಳಿಸಿದ್ದೇ ಅಂತ ಅಮೆರಿಕ ಸರ್ಕಾರ ಅದನ್ನು ಸೈಲೆನ್ಸರ್ ಪಟ್ಟಿಗೆ ಸೇರಿಸಿಬಿಟ್ಟಿತು. ಹಾಗಾಗಿ ಈಗ ನಮಗೆ ಮಾಮೂಲಾಗಿ ಸಿಗುವುದು ಒಳಗೆ ಖಾಲಿ ಇರುವ, ಹೊರಗೆ ಮಾತ್ರ ಅದೇ ಥರ ಕಾಣುವ ಕೊಳವೆ. ಸೋಗು ನಂಬರ್ ಮೂರು, ಎಲ್ಲಕ್ಕಿಂತ ದೊಡ್ಡದು.

ಇನ್ನೊಂದು ಕಂಟಕ. 1934ರ ಕಾನೂನಿನ ಪ್ರಕಾರ ರೈಫಲ್ಲಿನ ನಳಿಗೆ 16 ಇಂಚಿಗಿಂತ ಗಿಡ್ಡ ಇದ್ದರೆ ಮೊದಲೇ ಅರ್ಜಿ ಹಾಕಿ, ಬೆರಳಚ್ಚು ಕೊಟ್ಟು ಒಪ್ಪಿಗೆ ಪಡೆಯಬೇಕು (2024ರಲ್ಲಿ ಇದಕ್ಕೆ 200 ಡಾಲರ್ ತೆರಿಗೆಯೂ ಇತ್ತು). ತುದಿಗೆ ಏನಾದರೂ ಬಿಡಿಸಲು ಬಾರದ ಹಾಗೆ ಬೆಸುಗೆ ಹಾಕಿದರೆ ಅದೂ ನಳಿಗೆಯ ಉದ್ದಕ್ಕೇ ಸೇರುತ್ತದೆ. ಸರಿ, ಕೂಡಿಸಿ ನೋಡೋಣ. ಹನ್ನೊಂದೂವರೆ, ಅದಕ್ಕೆ ನಾಲ್ಕೂಕಾಲು. ಹದಿನೈದೂಮುಕ್ಕಾಲು! ಕಾಲು ಇಂಚು ಕಡಿಮೆ. ತಿರುಪಿನ ಭಾಗ ಒಳಗೆ ಹೋಗುವುದರಿಂದ ನಿಜವಾಗಿ ಇನ್ನೂ ಕಡಿಮೆ. ಯಾರೋ ಬೇಕೆಂದೇ ಕಾಡಲು ಲೆಕ್ಕ ಹಾಕಿದ ಹಾಗಿದೆ.

ಎರಡು ದಾರಿ ಇತ್ತು. ಅರ್ಜಿ ಹಾಕಿ ಮೂಲದ ಅಳತೆಯಲ್ಲೇ ಮಾಡುವುದು ಒಂದು. ಆಗ ಅದನ್ನು ಬೇರೆ ರಾಜ್ಯಕ್ಕೆ ಒಯ್ಯಲೂ ಮೊದಲೇ ಅನುಮತಿ ಬೇಕು. ವರ್ಷಕ್ಕೊಮ್ಮೆ ಓಕ್ಲಹೋಮದ ಗೆಳೆಯನ ಜಮೀನಿಗೆ ಹೋಗುವವನಿಗೆ ಅದೊಂದು ರಗಳೆ. ಇನ್ನೊಂದು, ಐದೂವರೆ ಇಂಚಿನ ಖಾಲಿ ಕೊಳವೆ ಬೆಸೆದು 16 ದಾಟಿಸುವುದು. ನಾನು ಎರಡನೆಯದಕ್ಕೆ ಹೋದೆ. ಬೆಸುಗೆ ನನ್ನ ಕೈಯಲ್ಲಿ ಆಗುವ ಕೆಲಸ ಅಲ್ಲ. ಇಲ್ಲಿನ ಕೋವಿ ರಿಪೇರಿಯವರಿಗೆ ಕೊಟ್ಟೆ, ನಳಿಗೆಯೊಳಗೆ ಕೋಲು ಇಳಿಸಿ ನನ್ನೆದುರೇ ಅಳೆದು ಕೊಟ್ಟರು. ಹದಿನಾರಕ್ಕಿಂತ ಚೂರು ಜಾಸ್ತಿ.

ನೋಡಿದವರಿಗೆ ಗೊತ್ತಾಗುತ್ತಾ? ಗೊತ್ತಿದ್ದವರಿಗೆ ಗೊತ್ತಾಗುತ್ತದೆ. ಮೂತಿ ಉದ್ದ ಆಯಿತು. ಮದುವೆ ಫೋಟೋದಲ್ಲಿ ಪಂಚೆ ಒಂದೂಕಾಲು ಇಂಚು ಕೆಳಗಿಳಿದ ಹಾಗೆ. ಒಮ್ಮೆ ಕಣ್ಣಿಗೆ ಬಿದ್ದರೆ ಮತ್ತೆ ಬೇರೇನೂ ಕಾಣಿಸುವುದಿಲ್ಲ.

ನವೆಂಬರ್ 9

ಹ್ಯಾಂಡ್‌ಗಾರ್ಡ್. ಕೈ ಸುಡದಿರಲಿ ಅಂತ ನಳಿಗೆಯ ಸುತ್ತ ಹಾಕುವ ಎರಡು ಹೋಳು, ಪ್ರತಿ ಹೋಳಿಗೆ ಆರು ತೂತು. ಅದನ್ನು ಹಿಡಿಯುವ ಉಂಗುರ ಹಳೆಯ ಕಾಲದ್ದು ನೇರ ಇರಬೇಕು. ನನಗೆ ಬಂದಿದ್ದು ಇಳಿಜಾರಿನದ್ದು, ಅದು 80ರ ದಶಕದ ಎಂ16ಎ2 ಕಾಲದ ವಿನ್ಯಾಸ. ವಾಪಸ್ ಕಳಿಸಿ ಸರಿಯಾದ್ದು ತರಿಸಲು ಎರಡು ವಾರ ಹೋಯಿತು. ಆಮೇಲೆ ಗೊತ್ತಾಯಿತು ಇಳಿಜಾರು ಯಾಕೆ ಮಾಡಿದರು ಅಂತ. ನೇರ ಉಂಗುರ ಬೆರಳಿಗೆ ಸಿಗುವುದೇ ಇಲ್ಲ, ಸ್ಪ್ರಿಂಗ್ ಬೇರೆ ಬಿಗಿ. ನಾನು ಎರಡೂ ಕೈಯಲ್ಲಿ ಉಂಗುರ ಒತ್ತಿ ಹಿಡಿದೆ, ಹೆಂಡತಿ ಹೋಳು ಕೂರಿಸಿದಳು. ಎರಡನೇ ಹೋಳಿಗೆ ನನ್ನ ಹೆಬ್ಬೆರಳು ಸಿಕ್ಕಿಕೊಂಡಿತು. ಆಗ ನಾನು ಆಡಿದ ಮಾತನ್ನು ಮಗಳು ಇನ್ನೂ ಕಲಿತಿಲ್ಲ ಅಂದುಕೊಂಡಿದ್ದೇನೆ.

ಇಲ್ಲಿ ಒಂದು ಮಾತು. ಈ ಹವ್ಯಾಸದಲ್ಲಿ ಪ್ರತಿ ಹೆಜ್ಜೆಗೂ ಒಳ್ಳೆಯದನ್ನು ಬಿಟ್ಟು ಹಳೆಯದನ್ನು ಹುಡುಕುತ್ತೇವೆ. ಈಗಿನ ಉಂಗುರ ಒಳ್ಳೆಯದು, ಈಗಿನ ಬಟ್ ಗಟ್ಟಿ, ಈಗಿನ ಸೈಟ್ (ಗುರಿ ನೋಡುವ ಭಾಗ) ಸಲೀಸು. ಎಲ್ಲವೂ ಅಗ್ಗ ಕೂಡ. ನನ್ನ ಬಟ್ ಅಲ್ಯುಮಿನಿಯಂದು, ಮೇಲೆ ವಿನೈಲ್ ಲೇಪ, ಮೂಲದಲ್ಲಿ ಇದ್ದ ಹಾಗೆ. ಎರಡೇ ಸ್ಥಾನ, ಒಳಗೆ ಇಲ್ಲವೇ ಹೊರಗೆ. ಚಳಿಯಲ್ಲಿ ಕೆನ್ನೆ ಇಟ್ಟರೆ ಮಂಜುಗಡ್ಡೆ. ಇದಕ್ಕೆ ಹೊಸ ಬಟ್‌ಗಿಂತ ಮೂರು ಪಟ್ಟು ಕೊಟ್ಟೆ. ಮಣ್ಣಿನ ಮಡಕೆಗೆ ಸ್ಟೀಲ್ ಪಾತ್ರೆಗಿಂತ ಜಾಸ್ತಿ ಕೊಡುವವರನ್ನು ನಕ್ಕವನು ನಾನೇ.

ನವೆಂಬರ್ 23

ಮೊದಲ ಈಡು.

ಈಡಿನ ಅಭ್ಯಾಸದ ಜಾಗ, ಅಂದರೆ ರೇಂಜಿನಲ್ಲಿ 50 ಗಜ. ಮೊದಲ ತೋಟಾ ಹಲಗೆಯ ಕೆಳ ಅಂಚಿಗೆ. ಈ ಹಳೆಯ ಸೈಟ್ ತಿರುಗಿಸಲು ಉಪಕರಣ ಬೇಕಿಲ್ಲ, ತೋಟಾದ ಚೂಪು ತುದಿಯಿಂದಲೇ ಒತ್ತಿ ತಿರುಗಿಸಬೇಕು. ಮುಂದಿನ ಮೊಳೆ ಕೆಳಗಿಳಿಸಿದರೆ ಗುಂಡು ಮೇಲೆ ಹೋಗುತ್ತದೆ. ನಾನು ಉಲ್ಟಾ ತಿರುಗಿಸಿ ಎರಡನೆಯದನ್ನು ಮಣ್ಣಿಗೆ ಹೊಡೆದೆ. ಹದಿನೈದು ತೋಟಾ ಆದ ಮೇಲೆ ನಡು ಭಾಗಕ್ಕೆ ಬಂತು.

ಪಕ್ಕದ ಸಾಲಿನವರು ಪ್ರೀತಿಯಿಂದ ತಮ್ಮ 62 ಗ್ರೇನ್ (ಗುಂಡಿನ ತೂಕದ ಅಳತೆ) ತೋಟಾ ಹತ್ತು ಕೊಟ್ಟರು. ಕಾಗದದಲ್ಲಿ ಗುಂಡಗಿನ ತೂತಿನ ಬದಲು ಉದ್ದುದ್ದ ಸೀಳು! ಗುಂಡು ಅಡ್ಡ ತಿರುಗಿ ಹೋಗುತ್ತಿದೆ. ಕಾರಣ ನಳಿಗೆಯೊಳಗಿನ ಸುರುಳಿ. ಆಗಿನದು 12 ಇಂಚಿಗೆ ಒಂದು ಸುತ್ತು, 55 ಗ್ರೇನಿನ ಎಂ193 ತೋಟಾಕ್ಕೆ ಅಷ್ಟು ಸಾಕು. 62 ಗ್ರೇನಿನ ಸೇನಾ ಗುಂಡು ಇನ್ನೂ ಉದ್ದ, ಅದು ನೇರ ಹೋಗಲು ಇನ್ನೂ ಜೋರಾಗಿ ತಿರುಗಬೇಕು. ಹಾಗಾಗಿ ಆಮೇಲೆ ಬಂದ ಎಂ16ಎ2ನಲ್ಲಿ 7 ಇಂಚಿಗೇ ಒಂದು ಸುತ್ತು. ಓದಿ ಗೊತ್ತಿತ್ತು. ಕಾಗದದ ಮೇಲೆ ನೋಡಿ ಖುಷಿಯಾಯಿತು. ಅಷ್ಟರ ಮಟ್ಟಿಗೆ ಇದು ಸೋಗಲ್ಲ.

ನಾಲ್ಕು ಮ್ಯಾಗಜಿನ್‌ಗಳಲ್ಲಿ ಒಂದು ಮುಷ್ಕರ ಹೂಡಿತು. ಕೊನೆಯ ತೋಟಾ ಆದ ಮೇಲೆ ಬೋಲ್ಟ್ (ನಳಿಗೆಯ ಹಿಂಬದಿ ಮುಚ್ಚುವ ಭಾಗ) ತೆರೆದೇ ನಿಲ್ಲಬೇಕು, ಅದೊಂದರಲ್ಲಿ ನಿಲ್ಲಲಿಲ್ಲ. ಸ್ಪ್ರಿಂಗ್ ಸೋತಿದೆ. ಹೊಸ ಸ್ಪ್ರಿಂಗ್‌ಗೆ ಆರ್ಡರ್ ಹಾಕಿದೆ.

ಡಿಸೆಂಬರ್ 15

ಸ್ಪ್ರಿಂಗ್ ಬದಲಿಸಿ ಮತ್ತೆ ರೇಂಜಿಗೆ ಹೋಗಿ ಬಂದೆ, 60 ಈಡು, ಒಂದೂ ತಕರಾರಿಲ್ಲ. ಒಟ್ಟು ಖರ್ಚು 1,900 ಡಾಲರ್ ಆಸುಪಾಸು. ವಾಪಸ್ ಕಳಿಸಿದ ಪಾರ್ಸಲ್ ಖರ್ಚು ಸೇರಿಸಿಲ್ಲ, ಹೆಂಡತಿ ಇದನ್ನು ಓದುತ್ತಾಳೆ.

ಸಂಜೆ ಅಪ್ಪಯ್ಯನಿಗೆ ವಿಡಿಯೋ ಕಾಲ್‌ನಲ್ಲಿ ತೋರಿಸಿದೆ.

“ತುದಿ ಯಾಕೆ ಅಷ್ಟು ದಪ್ಪ?”

“ಸದ್ದು ಕಡಿಮೆ ಮಾಡೋ ಕೊಳವೆ, ಅಪ್ಪಯ್ಯ. ಆದರೆ ಒಳಗೆ ಏನೂ ಇಲ್ಲ.”

“ಮತ್ತೆ ಯಾಕೆ ಹಾಕಿದ್ದು?”

“ಸುಮ್ನೆ. ಕಾಣಲಿ ಅಂತ.”

ಸ್ವಲ್ಪ ಹೊತ್ತು ನೋಡಿದರು. “ಸದ್ದು ಇರೋದೇ ಒಳ್ಳೇದು ಬಿಡು. ಮಂಗ ಓಡ್ಸಕ್ಕೆ ಸದ್ದೇ ಅಲ್ವಾ ಬೇಕಾಗೋದು?” ಅಂದರು. ಅಜ್ಜಯ್ಯನ ಕೋವಿ ಹೇಗಿದೆ ಅಂತ ಕೇಳಿದೆ. ಲೋಕಸಭೆ ಚುನಾವಣೆಗೆ ಠಾಣೆಯಲ್ಲಿ ಇಟ್ಟಿದ್ದನ್ನು ಇವರು ಇನ್ನೂ ತರಲು ಹೋಗಿಲ್ಲವಂತೆ. “ಇವತ್ತು ಹೋಗೋಣ, ನಾಳೆ ಹೋಗೋಣ ಅಂತ ಆರು ತಿಂಗಳಾಯ್ತು. ಮಂಗಗಳಿಗೂ ಗೊತ್ತಾಗಿ ಹೋಗಿದೆ, ಅಂಗಳಕ್ಕೇ ಬಂದು ಕೂರ್ತವೆ.”

ಕೋವಿ ಕಬ್ಬಿಣದ ಪೆಟ್ಟಿಗೆಯೊಳಗೆ, ಬೀಗ ಹಾಕಿ ಆಯಿತು. ಬಾಕಿ ಇರುವುದು ಭುಜದ ಪಟ್ಟಿ ಒಂದೇ. ಫೋಟೋಗಳಲ್ಲಿ ಹತ್ತಿಯ ದಪ್ಪ ಪಟ್ಟಿ ಕಾಣುತ್ತದೆ, ಮಾಸಿದ ಹಸಿರು. ಹೊಸದು ತಂದರೆ ಎದ್ದು ಕಾಣುತ್ತದೆ. ಟೀ ಸೊಪ್ಪಿನ ನೀರಿನಲ್ಲಿ ಎರಡು ದಿನ ನೆನೆಸಿ ನೋಡುತ್ತೇನೆ. ಪಾತ್ರೆ ಯಾವುದು ಅಂತ ಮಾತ್ರ ಇನ್ನೂ ಅಡುಗೆಮನೆಯಿಂದ ಒಪ್ಪಿಗೆ ಸಿಕ್ಕಿಲ್ಲ.