ಸಕ್ರಿಯ ನಿಗಾದ ನಾಲ್ಕನೆಯ ವರ್ಷ

ನನ್ನ ಪ್ರಾಸ್ಟೇಟ್ ಗ್ರಂಥಿಯಲ್ಲಿ ಕ್ಯಾನ್ಸರ್ ಇದೆಯೆಂದು ತಿಳಿದು ಈ ತಿಂಗಳಿಗೆ ನಾಲ್ಕು ವರ್ಷವಾಯಿತು. ಈ ನಾಲ್ಕು ವರ್ಷಗಳಲ್ಲಿ ಅದಕ್ಕಾಗಿ ನಾನು ಒಂದು ಮಾತ್ರೆಯನ್ನೂ ನುಂಗಿಲ್ಲ, ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿಲ್ಲ, ವಿಕಿರಣ ಚಿಕಿತ್ಸೆಗೂ ಹೋಗಿಲ್ಲ. ಹೀಗೆಂದಾಗ ಕೇಳಿದವರು ಮೊದಲು ನನ್ನ ಮುಖ ನೋಡುತ್ತಾರೆ, ಆಮೇಲೆ ನನ್ನ ಹೆಂಡತಿಯ ಮುಖ ನೋಡುತ್ತಾರೆ. ಚಿಕಿತ್ಸೆ ಕೊಡದೆ, ಆಗಾಗ ಪರೀಕ್ಷೆ ಮಾಡುತ್ತ ರೋಗದ ಮೇಲೆ ಕಣ್ಣಿಡುವ ಈ ಕ್ರಮವನ್ನು ವೈದ್ಯರು ಆ್ಯಕ್ಟಿವ್ ಸರ್ವೇಲೆನ್ಸ್ ಎನ್ನುತ್ತಾರೆ. ಅದನ್ನು ‘ಸಕ್ರಿಯ ನಿಗಾ’ ಎಂದು ಕನ್ನಡಕ್ಕೆ ತಂದು ನಾನು ಒಮ್ಮೆ ಪೇಚಿಗೆ ಸಿಕ್ಕಿದ್ದೇನೆ. ಆಸ್ಪತ್ರೆಯ ಮಾತಿನಲ್ಲಿ ನಿಗಾ ಎಂದೊಡನೆ ನಮ್ಮವರಿಗೆ ನೆನಪಾಗುವುದು ತೀವ್ರ ನಿಗಾ ಘಟಕ. ತೀರ್ಥಹಳ್ಳಿಯಲ್ಲಿರುವ ಅಕ್ಕ ಅಂದು ಸಂಜೆಯೇ ಬಸ್ಸು ಹತ್ತಿ ಬಂದುಬಿಟ್ಟಿದ್ದಳು.

ಆಗ ನನಗೆ 62 ವರ್ಷ. ರಾತ್ರಿ ಮೂರು ನಾಲ್ಕು ಬಾರಿ ಮೂತ್ರಕ್ಕೆ ಏಳಬೇಕಾಗುತ್ತದೆಂದು ಹೋದವನಿಗೆ ರಕ್ತದ ಪಿಎಸ್‌ಎ ಪರೀಕ್ಷೆ ಮಾಡಿಸಿದರು (ಈ ಗ್ರಂಥಿ ರಕ್ತಕ್ಕೆ ಬಿಡುವ ಒಂದು ಪ್ರೋಟೀನಿನ ಅಳತೆ ಅದು), 5.8 ಬಂತು. ಎಂಆರ್‌ಐ ಆಯಿತು, ಬಯಾಪ್ಸಿ ಆಯಿತು. ಸೂಜಿಯಿಂದ ತೆಗೆದ 12 ಎಳೆಗಳಲ್ಲಿ ಎರಡರಲ್ಲಿ ಕ್ಯಾನ್ಸರ್ ಇತ್ತು, ಕ್ಯಾನ್ಸರಿನ ಜೀವಕೋಶಗಳು ಎಷ್ಟು ಕೆಟ್ಟದಾಗಿ ಕಾಣುತ್ತವೆ ಎಂಬುದನ್ನು ಹೇಳುವ ಗ್ಲೀಸನ್ ಅಂಕ 3+3, ಅಂದರೆ 6. ಹತ್ತಕ್ಕೆ ಆರು ಎಂಬುದು ಮೇಷ್ಟರಾಗಿದ್ದ ನನಗೆ ಪ್ರಥಮ ದರ್ಜೆಯಂತೆ ಕಂಡರೆ, ಹೆಂಡತಿಗೆ ಅರ್ಧಕ್ಕಿಂತ ಹೆಚ್ಚು ರೋಗದಂತೆ ಕಂಡಿತು. ನಿಜ ಸಂಗತಿ ಬೇರೆ: 1960ರ ದಶಕದಲ್ಲಿ ಅಮೆರಿಕದ ಡೊನಾಲ್ಡ್ ಗ್ಲೀಸನ್ ರೂಪಿಸಿದ ಈ ಅಳತೆಯಲ್ಲಿ ಈಗ ಬಯಾಪ್ಸಿಗೆ 6ಕ್ಕಿಂತ ಕಡಿಮೆ ಅಂಕ ಕೊಡುವುದೇ ಇಲ್ಲ. ಈ ಗೊಂದಲವನ್ನು ತಪ್ಪಿಸಲೆಂದೇ 2014ರಲ್ಲಿ ರೋಗಶಾಸ್ತ್ರಜ್ಞರು ಇದನ್ನು ‘ಒಂದನೆಯ ಗುಂಪು’ ಎಂದು ಕರೆಯಲು ಒಪ್ಪಿಕೊಂಡರು. ಗ್ರಂಥಿಯೂ 52 ಮಿಲಿಲೀಟರ್‌ನಷ್ಟು ದೊಡ್ಡದಾಗಿದ್ದುದರಿಂದ ಪಿಎಸ್‌ಎಯನ್ನು ಅದರಿಂದ ಭಾಗಿಸಿದಾಗ 0.11 ಬಂತು, 0.15ರ ಒಳಗಿದ್ದರೆ ವೈದ್ಯರಿಗೆ ಅಷ್ಟರಮಟ್ಟಿಗೆ ನೆಮ್ಮದಿ.

ಈಗಲೇ ಚಿಕಿತ್ಸೆ ಬೇಡ, ನಿಗಾ ಸಾಕು ಎಂಬ ಮಾತನ್ನು ಹೆಂಡತಿಯ ತಮ್ಮ ಮಾತ್ರ ಒಪ್ಪಲಿಲ್ಲ. “ಭಾವ, ಮನೆಯೊಳಗೆ ಹಾವು ಸೇರಿಕೊಂಡಿದೆ ಎಂದು ಗೊತ್ತಾದ ಮೇಲೂ, ಅದು ಕೇರೆಹಾವು ಬಿಡು ಎಂದು ದೀಪ ಆರಿಸಿ ಮಲಗುತ್ತೀರಾ?” ಎಂದು ಕೇಳಿದ. ಪ್ರಶ್ನೆ ಸರಿಯಾಗಿಯೇ ಇತ್ತು. ಸಿಕ್ಕ ಎರಡು ಎಳೆಗಳಲ್ಲಿ ಕಂಡದ್ದು ಕೇರೆಹಾವೇ ಇರಬಹುದು, ಆದರೆ ಸೂಜಿ ತಲುಪದ ಮೂಲೆಯಲ್ಲಿ ನಾಗರ ಇಲ್ಲವೆಂದು 12 ಎಳೆಗಳು ಹೇಳಲಾರವು. ದೀಪ ಆರಿಸಬಾರದು ಎಂಬುದೇ ಈ ಕ್ರಮದ ತಿರುಳು. (ಹೋಲಿಕೆ ಇಲ್ಲಿಗೇ ಸಾಕು, ಕೇರೆಹಾವು ಇಲಿ ಹಿಡಿದು ಉಪಕಾರವನ್ನಾದರೂ ಮಾಡುತ್ತದೆ.) ತೀರಾ ವಯಸ್ಸಾದವರಿಗೆ ಅಥವಾ ಬೇರೆ ದೊಡ್ಡ ಕಾಯಿಲೆಯಿರುವವರಿಗೆ, ತೊಂದರೆ ಕಂಡಾಗ ನೋಡೋಣವೆಂದು ಬಿಡುವ ಕ್ರಮ ಇನ್ನೊಂದಿದೆ, ಇದು ಅದಲ್ಲ. ಇಲ್ಲಿ ಗುಣಪಡಿಸುವ ಚಿಕಿತ್ಸೆಯನ್ನು ಕೈಬಿಟ್ಟಿಲ್ಲ, ಬೇಕಾಗುವವರೆಗೆ ಮುಂದೂಡಿದೆ ಅಷ್ಟೆ.

ಮುಂದೂಡುವುದರಿಂದ ಆಗುವ ನಷ್ಟವೇನು ಎಂಬುದಕ್ಕೆ ನಾನು ಎರಡು ಲೆಕ್ಕಗಳನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದೇನೆ. ಕೆನಡಾದ ಟೊರೊಂಟೊದಲ್ಲಿ ಲಾರೆನ್ಸ್ ಕ್ಲಾಟ್ಸ್ 1995ರಲ್ಲಿ ಈ ಕ್ರಮವನ್ನು ಆರಂಭಿಸಿದರು. 2015ರಲ್ಲಿ ಅವರು ಪ್ರಕಟಿಸಿದ 993 ಮಂದಿಯ ವರದಿಯಲ್ಲಿ 149 ಜನ ತೀರಿಕೊಂಡಿದ್ದರೂ ಪ್ರಾಸ್ಟೇಟ್ ಕ್ಯಾನ್ಸರಿನಿಂದ ತೀರಿಕೊಂಡವರು 15 ಮಂದಿ. ಬ್ರಿಟನ್ನಿನ ಪ್ರೊಟೆಕ್ಟ್ ಅಧ್ಯಯನ ಇನ್ನೂ ಗಟ್ಟಿಯಾದದ್ದು, ಏಕೆಂದರೆ ಅಲ್ಲಿ 1,643 ಮಂದಿಯನ್ನು ಚೀಟಿ ಎತ್ತಿದಂತೆ ನಿಗಾ, ಶಸ್ತ್ರಚಿಕಿತ್ಸೆ, ವಿಕಿರಣ ಎಂದು ಮೂರು ಗುಂಪುಗಳಿಗೆ ಹಂಚಿದ್ದರು. 15 ವರ್ಷಗಳಾದ ಮೇಲೆ, 2023ರಲ್ಲಿ ಬಂದ ವರದಿಯಂತೆ, ಈ ಕ್ಯಾನ್ಸರಿನಿಂದ ಸತ್ತವರು ಕ್ರಮವಾಗಿ ಶೇ 3.1, ಶೇ 2.2 ಮತ್ತು ಶೇ 2.9. ಇಷ್ಟನ್ನೇ ಹೇಳಿ ನಿಲ್ಲಿಸಿದರೆ ಅನ್ಯಾಯವಾದೀತು. ರೋಗ ಬೇರೆಡೆಗೆ ಹರಡಿದ್ದು ನಿಗಾ ಗುಂಪಿನಲ್ಲಿ ಶೇ 9.4, ಉಳಿದೆರಡರಲ್ಲಿ ಸುಮಾರು ಶೇ 5; ನಿಗಾದಲ್ಲಿದ್ದವರ ಪೈಕಿ ಶೇ 60ರಷ್ಟು ಜನ ಈ ಅವಧಿಯಲ್ಲಿ ಚಿಕಿತ್ಸೆಗೆ ಹೋಗಿದ್ದರು. ಅಲ್ಲಿ ನನಗಿಂತ ಹೆಚ್ಚು ಅಪಾಯದವರೂ ಇದ್ದರು, ಆಗಿನ ನಿಗಾದಲ್ಲಿ ಎಂಆರ್‌ಐ ಇರಲಿಲ್ಲ ಎಂಬುದು ನನ್ನ ಸಮಾಧಾನ. ಇನ್ನೊಂದು ತಕ್ಕಡಿಯಲ್ಲಿ ಇದೂ ಇದೆ: ಅದೇ ಅಧ್ಯಯನದಲ್ಲಿ ಶಸ್ತ್ರಚಿಕಿತ್ಸೆಯ ಗುಂಪಿನ ಶೇ 17 ಜನ ಆರು ವರ್ಷಗಳ ನಂತರವೂ ಮೂತ್ರ ಸೋರಿಕೆಗೆ ಪ್ಯಾಡ್ ಬಳಸುತ್ತಿದ್ದರು, ನಿಗಾ ಗುಂಪಿನಲ್ಲಿ ಶೇ 8. ಲೈಂಗಿಕ ಶಕ್ತಿಯ ನಷ್ಟವನ್ನು ನಮ್ಮಲ್ಲಿ ಯಾರೂ ಬಾಯಿಬಿಟ್ಟು ಕೇಳುವುದಿಲ್ಲ, ಆದ್ದರಿಂದ ಯಾರೂ ಹೇಳುವುದಿಲ್ಲ. ನನ್ನ ವೈದ್ಯರು ಕೇಳದೆಯೇ ಹೇಳಿದರು, ಅದೂ ನನ್ನ ಹೆಂಡತಿಯ ಎದುರಿಗೇ.

ನನ್ನ ಪಾಲಿನ ಕೆಲಸವೆಂದರೆ ಆರು ತಿಂಗಳಿಗೊಮ್ಮೆ ಪಿಎಸ್‌ಎ, ವರ್ಷಕ್ಕೊಮ್ಮೆ ವೈದ್ಯರು ಗುದದ್ವಾರದೊಳಗೆ ಬೆರಳಿಟ್ಟು ಗ್ರಂಥಿಯನ್ನು ಮುಟ್ಟಿ ನೋಡುವ ಪರೀಕ್ಷೆ, ವೈದ್ಯರು ಹೇಳಿದಾಗ ಎಂಆರ್‌ಐ. ಒಂದು ವರ್ಷವಾದಾಗ ಎರಡನೆಯ ಬಯಾಪ್ಸಿ ಮಾಡಿದರು. ಒಂದು ಎಳೆಯಲ್ಲಿ ಮತ್ತೆ 3+3, ಬೇರೇನೂ ಇಲ್ಲ. ಮೂರನೆಯ ವರ್ಷ ಪಿಎಸ್‌ಎ ಇದ್ದಕ್ಕಿದ್ದಂತೆ 9.1ಕ್ಕೆ ಏರಿತು. ಆ ವಾರ ನಾನು ನಿದ್ದೆ ಮಾಡಲಿಲ್ಲ. ಭಾಮೈದನ ಹಾವು ಮನೆಯೆಲ್ಲ ಹರಿದಾಡಿತು. ವೈದ್ಯರು ಸೂಜಿ ಹಿಡಿಯದೆ ಮೊದಲು ಮೂತ್ರ ಪರೀಕ್ಷೆ ಮಾಡಿಸಿದರು, ಸೋಂಕು ಸಿಕ್ಕಿತು, ಔಷಧಿ ಮುಗಿದು ಎರಡು ತಿಂಗಳ ನಂತರ ನೋಡಿದರೆ 6.0. ಪಿಎಸ್‌ಎ ಕ್ಯಾನ್ಸರಿನ ಗುರುತಲ್ಲ, ಗ್ರಂಥಿಯ ಗುರುತು. ಊದಿಕೊಂಡರೂ ಏರುತ್ತದೆ, ಸೋಂಕಿಗೂ ಏರುತ್ತದೆ, ಸೈಕಲ್ ತುಳಿದರೂ ಏರಬಹುದು. ಗ್ರಂಥಿ ಕುಗ್ಗಿಸಲು ಕೊಡುವ ಫಿನಾಸ್ಟರೈಡ್‌ನಂಥ ಮಾತ್ರೆಗಳು ಕೆಲವು ತಿಂಗಳಲ್ಲಿ ಅದನ್ನು ಸುಮಾರು ಅರ್ಧಕ್ಕೆ ಇಳಿಸುತ್ತವೆ. ಅಂಥದ್ದನ್ನು ನುಂಗುತ್ತಿರುವವರು ವೈದ್ಯರಿಗೆ ತಿಳಿಸದಿದ್ದರೆ ಸುಳ್ಳು ನೆಮ್ಮದಿಯಲ್ಲಿ ಉಳಿಯುತ್ತಾರೆ.

ಖರ್ಚಿನ ಮಾತನ್ನೂ ಹೇಳಬೇಕು. ಆಸ್ಪತ್ರೆಗೆ ಸೇರಿ ಗ್ರಂಥಿ ತೆಗೆಸಿಕೊಂಡರೆ ನನ್ನ ವಿಮೆ ಹಣ ಕೊಡುತ್ತದೆ, ಅದನ್ನು ಉಳಿಸಿಕೊಳ್ಳಲು ಮಾಡಿಸುವ ಪರೀಕ್ಷೆಗಳಿಗೆ ಕೊಡುವುದಿಲ್ಲ. ಇದರ ತರ್ಕ ನನಗೆ ಇಂದಿಗೂ ಹತ್ತಿಲ್ಲ.

ಯಾವಾಗ ನಿಲ್ಲಿಸಬೇಕೆಂಬುದನ್ನು ಮೊದಲೇ ತೀರ್ಮಾನಿಸಿ ಫೈಲಿನ ಮೊದಲ ಹಾಳೆಯಲ್ಲಿ ಬರೆಸಿಕೊಂಡಿದ್ದೇನೆ: ಬಯಾಪ್ಸಿಯಲ್ಲಿ ಗ್ಲೀಸನ್ 4ರ ಜೀವಕೋಶಗಳು ಗಣನೀಯವಾಗಿ ಕಂಡರೆ, ಅಥವಾ ಎಂಆರ್‌ಐಯಲ್ಲಿ ಹೊಸ ಗಂಟು ಕಂಡು ಬಯಾಪ್ಸಿ ಅದನ್ನು ದೃಢಪಡಿಸಿದರೆ, ಚಿಕಿತ್ಸೆ. ಅದರ ಕೆಳಗೆ ಹೆಂಡತಿ ತನ್ನದೊಂದು ಷರತ್ತು ಸೇರಿಸಿದ್ದಾಳೆ: “ಒಂದು ತಾರೀಖು ತಪ್ಪಿಸಿದರೂ ನೀವು ಆಪರೇಷನ್‌ಗೆ ನಡೆಯಬೇಕು.” ಮುಂದಿನ ರಕ್ತ ಪರೀಕ್ಷೆ ನವೆಂಬರ್ 12ಕ್ಕೆ. ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕದಲ್ಲೇ ಆ ದಿನಕ್ಕೆ ಕೆಂಪು ಸುತ್ತು ಹಾಕಿದ್ದಾಳೆ, ಅದರ ಹಿಂದಿನ ಎರಡು ದಿನಗಳಿಗೆ ‘ಸೈಕಲ್ ಇಲ್ಲ’ ಎಂದು ಬರೆದಿದ್ದಾಳೆ.