ಹಿಂಬದಿಯ ನಂಬರು

ಸೇಂಟ್ ಪೀಟರ್ಸ್‌ಬರ್ಗ್
ಫೆಬ್ರವರಿ 8, 2025, ಶನಿವಾರ

ಬೆಳಕು ಹರಿಯೋ ಮುಂಚೆಯೇ ಅಣ್ಣನ ಫೋನು. ಮಡಿಕೇರಿಯಲ್ಲಿ ಆಗಲೇ ಎರಡನೇ ಕಾಫಿ ಆಗಿರುತ್ತೆ, ಅವನಿಗೇನು. "ಸಿಕ್ತಾ?" ಅಂದ. ಹಲೋನೂ ಇಲ್ಲ, ಪುಟ್ಟಿ ಹೇಗಿದ್ದಾಳೆ ಅಂತಲೂ ಇಲ್ಲ.

ಅವನಿಗೆ ಬೇಕಾಗಿರೋದು ಸೋವಿಯತ್ ಸೈನ್ಯದ ಕೆಂಪು ನಕ್ಷತ್ರದ ಪದಕ, 'ಆರ್ಡರ್ ಆಫ್ ರೆಡ್ ಸ್ಟಾರ್'. ಎಲ್ಲೋ ಓದಿದ್ದಾನೆ: 1944ರಲ್ಲಿ ಭಾರತೀಯ ಸೇನೆಯ ಇಬ್ಬರಿಗೆ ಅದು ಸಿಕ್ಕಿತ್ತಂತೆ. ನಿಜವೇ. ಸುಬೇದಾರ್ ನಾರಾಯಣ ರಾವ್ ನಿಕ್ಕಂ, ಹವಾಲ್ದಾರ್ ಗಜೇಂದ್ರ ಸಿಂಗ್, ಇಬ್ಬರೂ ಆರ್ಮಿ ಸರ್ವೀಸ್ ಕೋರಿನವರು. ಇರಾನಿನ ಬೆಟ್ಟದ ದಾರಿಯಲ್ಲಿ ರಷ್ಯಾಕ್ಕೆ ಸಾಮಾನು ಸಾಗಿಸುತ್ತಿದ್ದ ಲಾರಿಗಳ ಕೆಲಸಕ್ಕೆ ಕೊಟ್ಟದ್ದು. ಬಂದೂಕಿಗಲ್ಲ, ಲಾರಿಗೆ ಅನ್ನೋದೇ ಅಣ್ಣನಿಗೆ ಖುಷಿ. "ರಾವ್ ಅಂದ್ಮೇಲೆ ನಮ್ ಕಡೆಯವನೇ ಇರ್ಬೇಕು" ಅಂತ ಬೇರೆ. ಹಾಗೆ ನೋಡಿದರೆ ಅರ್ಧ ದೇಶ ಇವನ ಕಡೆಯದೇ.

ಅಂಥದ್ದೊಂದು ತಂದು ಅಪ್ಪನ ಪದಕಗಳ ಪಕ್ಕ ಫ್ರೇಮ್ ಹಾಕಿಸಬೇಕಂತೆ. ಇಲ್ಲಿ ಸರ್ಕಾರಿ ಪದಕ ಮಾರೋದೂ ಅಪರಾಧ, ಕೊಳ್ಳೋದೂ ಅಪರಾಧ, ಕ್ರಿಮಿನಲ್ ಕೋಡಿನ 324ನೇ ವಿಧಿ, ಸೋವಿಯತ್ ಕಾಲದವಕ್ಕೂ ಅನ್ವಯಿಸುತ್ತೆ ಅಂತ ಎಷ್ಟು ಸಲ ಹೇಳಲಿ? "ಸಂತೇಲಿ ರಾಶಿ ರಾಶಿ ಇಟ್ಕೊಂಡಿರೋ ಫೋಟೋ ನೋಡಿದೀನಿ" ಅಂತಾನೆ. ರಾಶಿ ಇರೋದು ಬ್ಯಾಡ್ಜು ಕಣೋ. ಲೆನಿನ್ ತಲೆ, ಒಲಿಂಪಿಕ್ಸ್ ಕರಡಿ, ಗಗಾರಿನ್. ಅವನ್ನೆಷ್ಟು ಬೇಕಾದರೂ ತರಬಹುದು. ಬೇರೆಯದು ಬೇಕಾದವರಿಗೆ ಮೇಜಿನ ಕೆಳಗಿಂದ ಒಂದು ಡಬ್ಬ ಬರುತ್ತೆ ಅಂತ ಎಲ್ಲರಿಗೂ ಗೊತ್ತು, ಆದರೆ ಇವನ ಫ್ರೇಮಿಗಾಗಿ ನಾನು ಕಸ್ಟಮ್ಸಿನವರ ಮುಂದೆ ನಿಲ್ಲಬೇಕಾ?

"ಮ್ಯೂಸಿಯಮ್ಮಿಗೆ ಹೋಗಿ ಒಳ್ಳೆ ಫೋಟೋ ತೆಗೆದು ಕಳಿಸ್ತೀನಿ, ಪ್ರಿಂಟ್ ಹಾಕಿಸ್ಕೋ" ಅಂದೆ. ಫೋನ್ ಇಟ್ಟ.

ಹಾಗಾಗಿ ಸೊಲ್ಯಾನೊಯ್ ಓಣಿಯ ಮುತ್ತಿಗೆ ಮ್ಯೂಸಿಯಂ. ಎರಡನೇ ಮಹಾಯುದ್ಧದಲ್ಲಿ ಜರ್ಮನ್ನರು ಈ ಊರಿಗೆ, ಆಗಿನ ಹೆಸರು ಲೆನಿನ್‌ಗ್ರಾಡ್, ಹಾಕಿದ್ದ ಮುತ್ತಿಗೆಯದು. ನಿಜ ಹೇಳಬೇಕೆಂದರೆ ಅಣ್ಣನ ಪದಕಕ್ಕೆ ಆರ್ಟಿಲರಿ ಮ್ಯೂಸಿಯಮ್ಮೇ ವಾಸಿ, ಆದರೆ ಅಲ್ಲಿ ಪುಟ್ಟಿ ಟ್ಯಾಂಕುಗಳ ಹತ್ತಿರವೇ ನಿಂತುಬಿಡುತ್ತಾಳೆ. ಇದು ಚಿಕ್ಕದು, ಬೆಚ್ಚಗಿರುತ್ತೆ. ಯುದ್ಧ ಮುಗಿಯೋ ಮೊದಲೇ, 1944ರಲ್ಲಿ ಪ್ರದರ್ಶನವಾಗಿ ಶುರುವಾದದ್ದು. 1949ರಲ್ಲಿ ಸ್ಟಾಲಿನ್ ಈ ಊರಿನ ಮುಖಂಡರ ಮೇಲೆ ತಿರುಗಿಬಿದ್ದಾಗ ಇದಕ್ಕೂ ಬೀಗ ಬಿತ್ತು, ನಿರ್ದೇಶಕರೇ ಜೈಲಿಗೆ ಹೋದರು, ಸಾಮಾನೆಲ್ಲ ಚೆಲ್ಲಾಪಿಲ್ಲಿ. ಮತ್ತೆ ತೆರೆದದ್ದು 1989ರಲ್ಲಿ, ಊರಿನವರು ತಂತಮ್ಮ ಮನೆಯ ಕಪಾಟಿನಿಂದ ತಂದುಕೊಟ್ಟದ್ದರ ಮೇಲೆ. ಅದಕ್ಕೇ ಇರಬೇಕು, ಮಾಸ್ಕೋದ ದೊಡ್ಡ ಮ್ಯೂಸಿಯಮ್ಮುಗಳ ಹಾಗೆ ಇಲ್ಲಿ ಅಮೃತಶಿಲೆ ಮೈಮೇಲೆ ಬೀಳೋದಿಲ್ಲ.

ಎಲ್ಲರೂ ನಿಲ್ಲೋದು ಆ 125 ಗ್ರಾಂ ಬ್ರೆಡ್ಡಿನ ತುಂಡಿನ ಮುಂದೆ, ಮುತ್ತಿಗೆಯ ಕೆಟ್ಟ ದಿನಗಳಲ್ಲಿ ಒಬ್ಬರಿಗೆ ದಿನಕ್ಕೆ ಸಿಗುತ್ತಿದ್ದ ಪಡಿತರ. ಪುಟ್ಟಿಯೂ ನಿಂತಳು. ನಾನು ಪದಕಗಳ ಗಾಜಿನ ಕಪಾಟಿನ ಕಡೆ ಹೋದೆ.

'ಲೆನಿನ್‌ಗ್ರಾಡ್ ರಕ್ಷಣೆಗಾಗಿ' ಅನ್ನೋ ಪದಕ ಹಿತ್ತಾಳೆಯದು, ನಮ್ಮ ಹಳೆ ರೂಪಾಯಿಗಿಂತ ಸ್ವಲ್ಪ ದೊಡ್ಡದು. ಹಿನ್ನೆಲೆಯಲ್ಲಿ ನೌಕಾಪಡೆಯ ಹಳೆ ಕಚೇರಿ ಅಡ್ಮಿರಾಲ್ಟಿಯ ಚೂಪು ಗೋಪುರ, ಮುಂದೆ ಕೋವಿ ಹಿಡಿದ ಸೈನಿಕ, ನಾವಿಕ, ಕಾರ್ಮಿಕ, ಜೊತೆಗೆ ಒಬ್ಬ ಹೆಂಗಸು. ಆ ಹೆಂಗಸನ್ನು ನೋಡೋಕೆ ಕನ್ನಡಕ ತೆಗೆದು ಗಾಜಿಗೆ ಮೂಗು ಹಚ್ಚಬೇಕು. ಹಸಿರು ಪಟ್ಟಿಯ ಅಂಚು ಎಳೆಎಳೆಯಾಗಿತ್ತು. 1942ರ ಡಿಸೆಂಬರ್ 22ರಂದು ಘೋಷಿಸಿ, ಮುತ್ತಿಗೆ ಪೂರ್ತಿ ತೆರವಾಗೋ ಮೊದಲೇ, 1943ರಲ್ಲಿ ಹಂಚೋಕೆ ಶುರು ಮಾಡಿದ್ದರು. ಸುಮಾರು 14 ಲಕ್ಷ 70 ಸಾವಿರ ಜನಕ್ಕೆ ಸಿಕ್ಕಿದೆ, ಅದರಲ್ಲಿ 15 ಸಾವಿರದಷ್ಟು ಮಕ್ಕಳು. ಪುಟ್ಟಿಯ ವಯಸ್ಸಿನವರು. ಸೂರಿನ ಮೇಲೆ ಬಿದ್ದ ಬೆಂಕಿಬಾಂಬನ್ನು ಇಕ್ಕಳದಲ್ಲಿ ಹಿಡಿದು ಕೆಳಗೆಸೆದವರು, ತೋಟಗಳಲ್ಲಿ ಎಲೆಕೋಸು ಬೆಳೆದವರು. ನಮ್ಮವಳು ಮೊನ್ನೆ ಹಾಸಿಗೆ ಮಡಿಸೋಕೆ ಚಾಕೊಲೇಟ್ ಕೇಳಿದಳು. ಇರಲಿ.

ಅದರ ಪಕ್ಕದಲ್ಲಿತ್ತು 'ಜಾ ಅತ್ವಾಗು', 'ಧೈರ್ಯಕ್ಕಾಗಿ'. ಬೆಳ್ಳಿಯದು. ಮೇಲೆ ಮೂರು ವಿಮಾನ, ಕೆಳಗೊಂದು ಟ್ಯಾಂಕು, ನಡುವೆ ಕೆಂಪು ಎನಾಮೆಲ್ ಅಕ್ಷರ. ಒಂದು ಅಕ್ಷರದ ಕೆಂಪು ಉದುರಿಹೋಗಿ ಬರೀ ಗುಳಿ ಉಳಿದಿತ್ತು. ಇದು 1938ರ ಪದಕ. ನಲವತ್ತು ಲಕ್ಷಕ್ಕೂ ಹೆಚ್ಚು ಕೊಟ್ಟಿದ್ದಾರೆ, ಆದರೂ ಯುದ್ಧಕ್ಕೆ ಹೋಗಿಬಂದವರು ಇದನ್ನೇ ಕಣ್ಣಿಗೊತ್ತಿಕೊಳ್ಳುತ್ತಿದ್ದರಂತೆ. ಕಚೇರಿಯಲ್ಲಿ ಕೂತವರಿಗೆ ಸುಲಭಕ್ಕೆ ಸಿಗುತ್ತಿರಲಿಲ್ಲ ಅನ್ನೋದೇ ಕಾರಣ. ಮಾರ್ಷಲ್‌ಗಳದ್ದು ಬೇರೆ ಲೋಕ. 'ವಿಜಯ' ಪದಕ ಪ್ಲಾಟಿನಂ, ಅದರ ಮೈತುಂಬ ವಜ್ರ, ಸೋವಿಯತ್ ನಾಯಕ ಬ್ರೆಜ್ನೆವ್‌ನೂ ಸೇರಿ ಬರೀ 17 ಜನಕ್ಕೆ. ಬ್ರೆಜ್ನೆವ್‌ಗೆ 1978ರಲ್ಲಿ ಕೊಟ್ಟದ್ದನ್ನು ಅವನು ಸತ್ತ ಮೇಲೆ, 1989ರಲ್ಲಿ ವಾಪಸ್ ಪಡೆದರು. ಅವನ ಎದೆ ಅಗಲ ಮಾಡೋಕೆ ಆಪರೇಷನ್ ಆಗ್ತಿದೆ, ಪದಕಕ್ಕೆ ಜಾಗ ಸಾಲ್ತಿಲ್ಲ ಅನ್ನೋ ಜೋಕು ಇಲ್ಲಿ ಇವತ್ತಿಗೂ ಓಡುತ್ತೆ.

ಫೋಟೋ ತೆಗೆದೆ. ಗಾಜಿನಲ್ಲಿ ನನ್ನ ಮುಖವೇ ಬಂತು. ಇನ್ನೊಂದು ಕೋನದಿಂದ ಬಗ್ಗಿದೆ. ಹಿಂಬದಿಯಿಂದ ದನಿ: "ಗಾಜು ಮುಟ್ಟಬೇಡಿ."

ಮೂಲೆಯ ಕುರ್ಚಿಯಲ್ಲಿ ಕೂರೋ ಅಜ್ಜಿ. ಈ ದೇಶದ ಮ್ಯೂಸಿಯಮ್ಮುಗಳೆಲ್ಲ ನಡೀತಿರೋದೇ ಇಂಥ ಅಜ್ಜಿಯರಿಂದ. ಉಣ್ಣೆ ಶಾಲು, ಮಡಿಲಲ್ಲಿ ಪದಬಂಧದ ಪುಸ್ತಕ. ಕ್ಷಮೆ ಕೇಳಿದೆ. ಸುಮ್ಮನಿರದೆ, ನನ್ನ ಹರಕು ರಷ್ಯನ್ನಿನಲ್ಲಿ, ಇದು ಯಾರದ್ದು ಅಂತ ಕೇಳಿದೆ. ನಮ್ಮಲ್ಲಿ ಪದಕದ ಅಂಚಿನ ಮೇಲೇ ಸೈನಿಕನ ನಂಬರು, ಹೆಸರು, ರೆಜಿಮೆಂಟು ಕೊರೆದಿರುತ್ತೆ. ಅಪ್ಪನ 71ರ ಸಂಗ್ರಾಮ್ ಪದಕದಲ್ಲೂ ಇದೆ. ಚಿಕ್ಕವರಿದ್ದಾಗ ನಾನೂ ಅಣ್ಣನೂ ಉಗುರಿನಲ್ಲಿ ಸವರಿ ಅಪ್ಪನ ಹೆಸರು ಓದುತ್ತಿದ್ದೆವು. ಇದರಲ್ಲಿ ಹೆಸರೇ ಇಲ್ಲವಲ್ಲ ಅಂದೆ.

ಅಜ್ಜಿ ಪದಬಂಧ ಮಡಚಿದರು.

"ಹಿತ್ತಾಳೆಯದಕ್ಕೆ ಏನೂ ಇಲ್ಲ. ಹದಿನಾಲ್ಕು ಲಕ್ಷವೂ ಒಂದೇ ಥರ. ಬೆಳ್ಳಿಯದಕ್ಕೆ ಹಿಂದೆ ನಂಬರು ಇರುತ್ತೆ. ಹಿಂಬದಿ ಪೂರ್ತಿ ನುಣುಪು, ನಂಬರು ಮಾತ್ರ."

"ತೋರಿಸೋಕಾಗುತ್ತಾ?"

ನಕ್ಕುಬಿಟ್ಟರು. "ಕೀಲಿ ನನ್ನ ಹತ್ತಿರ ಇದ್ದಿದ್ದರೆ ಎಲ್ಲಕ್ಕಿಂತ ಮೊದಲು ನಾನೇ ತೆಗೆದು ನೋಡ್ತಿದ್ದೆ."

ಆಮೇಲೆ ಹೇಳಿದ್ದನ್ನು ನೆನಪಿರುವಷ್ಟು ಬರೆದಿಡುತ್ತೇನೆ. ಅವರಪ್ಪನಿಗೂ ಬೆಳ್ಳಿಯದು ಸಿಕ್ಕಿತ್ತು. ಕಾಲಾಳು. ಏನು ಮಾಡಿದ್ದಕ್ಕೆ ಅಂತ ಮನೆಯಲ್ಲಿ ಒಂದು ದಿನವೂ ಹೇಳಲಿಲ್ಲ. ಹೇಳುತ್ತಿದ್ದದ್ದು ಟ್ರಾಮಿನ ಕಥೆ ಮಾತ್ರ. ಆಗ ಆ ಪದಕವಿದ್ದವರಿಗೆ ತಿಂಗಳಿಗೆ 10 ರೂಬಲ್, ಟ್ರಾಮಿನಲ್ಲಿ ಪುಕ್ಕಟೆ ಓಡಾಟ. 1948ರ ಜನವರಿಯಿಂದ ಎರಡೂ ಬಂದ್. ಪದಕದವರೇ ಬೇಡ ಅಂದರು ಅಂತ ಸರ್ಕಾರ ಹೇಳಿತು. "ನನ್ನನ್ನಂತೂ ಯಾರೂ ಕೇಳಲಿಲ್ಲ" ಅಂತ ಅಪ್ಪ ಸಾಯೋವರೆಗೂ ಟಿಕೆಟ್ ತಗೊಳ್ಳುವಾಗೆಲ್ಲ ಗೊಣಗುತ್ತಿದ್ದರಂತೆ.

1992ರ ಚಳಿಗಾಲ. ರೂಬಲ್ಲಿಗೆ ಬೆಲೆಯಿಲ್ಲ. ಮೆಟ್ರೋ ಬಾಗಿಲಲ್ಲಿ ಜನ ಸಾಲಾಗಿ ನಿಂತು ಚಮಚ, ಬೂಟು, ಪುಸ್ತಕ, ಸಿಕ್ಕಿದ್ದನ್ನೆಲ್ಲ ಮಾರುತ್ತಿದ್ದ ಕಾಲ. ಅವರ ತಮ್ಮ ಪದಕ ಒಯ್ದು ಮಾರಿದ.

"ಎಷ್ಟಕ್ಕೆ?" ಅಂತ ಕೇಳಬಾರದಿತ್ತೇನೋ, ಬಾಯಿಂದ ಬಂದುಬಿಟ್ಟಿತು.

"ಎರಡು ಬಾಟಲಿ." ಸೊಪ್ಪಿನ ರೇಟು ಹೇಳಿದ ಹಾಗೆ ಹೇಳಿದರು. "ತಮ್ಮನೂ ಹೋದ. ಪುಸ್ತಕ ಉಳಿದಿದೆ."

ಪದಕದ ಜೊತೆ ಕೊಡುವ ಅಂಗೈಯಗಲದ ಪುಸ್ತಕ. ಅದರಲ್ಲಿ ಹೆಸರಿದೆ, ಪದಕದ ನಂಬರಿದೆ, ಠಸ್ಸೆ ಇದೆ. ಪದಕ ಇಲ್ಲ. ಏಳಂಕಿಯ ನಂಬರು, ಫೋನ್ ನಂಬರು ಹೇಳಿದಷ್ಟು ಸಲೀಸಾಗಿ ಒಪ್ಪಿಸಿದರು. ಎಲ್ಲಿ 'ಧೈರ್ಯಕ್ಕಾಗಿ' ಕಂಡರೂ ತಿರುಗಿಸಿ ನೋಡಬೇಕು ಅನಿಸುತ್ತಂತೆ. ಮ್ಯೂಸಿಯಮ್ಮಿನಲ್ಲಿ ಮಖಮಲ್ಲಿಗೆ ಹೊಲಿದಿರುತ್ತಾರೆ, ತಿರುಗಿಸೋಕಾಗಲ್ಲ. ಸಂತೆಗೂ ಹೋಗಿದ್ದರಂತೆ. ಒಬ್ಬ, ಅಜ್ಜಿ ಪೊಲೀಸರ ಕಡೆಯವಳೇನೋ ಅಂತ ಹೆದರಿ ಡಬ್ಬವನ್ನೇ ಮುಚ್ಚಿಬಿಟ್ಟ.

"ಸೈನ್ಯದ ಕಾಗದಪತ್ರ ಈಗ ಇಂಟರ್ನೆಟ್ಟಿನಲ್ಲೇ ಇವೆಯಲ್ಲ?" ಅಂದೆ. ರಕ್ಷಣಾ ಇಲಾಖೆಯವರು ಪದಕದ ಶಿಫಾರಸುಗಳನ್ನು ಸ್ಕ್ಯಾನ್ ಮಾಡಿ 'ಪೋದ್ವಿಗ್ ನರೋದಾ' ಅನ್ನೋ ತಾಣದಲ್ಲಿ ಹಾಕಿದ್ದಾರೆ, 2010ರಿಂದ. ನಮ್ಮ ಆಫೀಸಿನವರೆಲ್ಲ ಅಜ್ಜಂದಿರನ್ನು ಅಲ್ಲೇ ಹುಡುಕೋದು.

ಮೊಮ್ಮಗ ತೆಗೆದುಕೊಟ್ಟನಂತೆ. ಟೈಪ್ ಮಾಡಿದ ನಾಲ್ಕು ಸಾಲು. ಗುಂಡಿನ ಸುರಿಮಳೆಯಲ್ಲಿ ಕಡಿದುಹೋದ ಟೆಲಿಫೋನ್ ತಂತಿಯನ್ನು ಮೂರು ಸಲ ಜೋಡಿಸಿದ. ಅಷ್ಟೇ.

"ಮನೆಯಲ್ಲಿ ಒಂದು ಪ್ಲಗ್ಗು ಕೆಟ್ಟರೂ ಅಮ್ಮ ಪಕ್ಕದ ಮನೆಯವನನ್ನೇ ಕರೀಬೇಕಿತ್ತು. ಅಪ್ಪ ತಂತಿ ಮುಟ್ಟುತ್ತಿರಲಿಲ್ಲ. ಸೋಮಾರಿ ಅಂತ ಬೈತಿದ್ದಳು."

ಅಷ್ಟರಲ್ಲಿ ಶಾಲೆಯ ಮಕ್ಕಳ ಗುಂಪೊಂದು ನುಗ್ಗಿತು. ಅಜ್ಜಿ ಎದ್ದು "ಗಾಜು ಮುಟ್ಟಬೇಡಿ!" ಅಂತ ಹೊರಟರು. ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ಮನೆಗೆ ಬರುವಾಗ ಮೆಟ್ರೋದಲ್ಲಿ ಸೈನ್ಯಕ್ಕೆ ಸೇರಿ ಅನ್ನೋ ಜಾಹೀರಾತು, ದುಡ್ಡಿನ ಮೊತ್ತ ಎಲ್ಲಕ್ಕಿಂತ ದಪ್ಪ ಅಕ್ಷರದಲ್ಲಿ. ಪುಟ್ಟಿ ಸೊನ್ನೆ ಎಣಿಸಿದಳು. "ಧೈರ್ಯಕ್ಕಾಗಿ ಈಗಲೂ ಕೊಡ್ತಾರಾ ಅಮ್ಮ?" ಕೊಡ್ತಾರೆ. 1994ರಲ್ಲಿ ಮತ್ತೆ ಶುರು ಮಾಡಿದರು. ಅದೇ ಟ್ಯಾಂಕು, ಅದೇ ಮೂರು ವಿಮಾನ, ಸೋವಿಯತ್ ಒಕ್ಕೂಟದ ಹೆಸರಿನ 'CCCP' ಅನ್ನೋ ನಾಲ್ಕಕ್ಷರ ಮಾತ್ರ ಇಲ್ಲ. ಯಾವುದಕ್ಕೆ ಕೊಡ್ತಾರೆ ಅಂತ ಕೇಳಿದಳು. ಇಲ್ಲಿ ಕೂತು ಅದರ ಬಗ್ಗೆ ಜಾಸ್ತಿ ಬರೆಯೋದಿಲ್ಲ. ಮನೆಗೆ ಹೋಗಿ ಹೇಳ್ತೀನಿ ಅಂದೆ, ಹೇಳಲಿಲ್ಲ.

ಸಾರಿಗೆ ಹುಣಸೆಹಣ್ಣು ಖಾಲಿ. ಟೊಮೆಟೊ ಹಾಕಿದೆ. ಅಮ್ಮ ಕಳಿಸ್ತೀನಿ ಅಂದ ಪಾರ್ಸೆಲ್ ಎಲ್ಲಿದೆಯೋ ದೇವರಿಗೇ ಗೊತ್ತು.

ಅಣ್ಣನಿಗೆ ಫೋಟೋ ಕಳಿಸಿದೆ. "ಇದು ಸ್ಟಾರ್ ಅಲ್ಲ" ಅಂತ ಉತ್ತರ. ಗೊತ್ತು ಕಣೋ. ಅಪ್ಪನ ಪದಕಗಳನ್ನು ಕೈಯಲ್ಲಿ ಹಿಡಿದು ಅಂಚಿನ ಫೋಟೋ ಕಳಿಸು ಅಂದೆ. ಫ್ರೇಮ್ ಹಾಕಿಸಿ ಆಗಿದೆಯಂತೆ, ಗಾಜು ತೆಗೆಯೋಕಾಗಲ್ವಂತೆ. ಬಂತಲ್ಲ ಕೋಪ! ಯಾರನ್ನು ಕೇಳಿ ಹಾಕಿಸಿದ? ಅಂಚು ಕಾಣಿಸದ ಹಾಗೆ ಹತ್ತಿ ತುಂಬಿ, ಸುತ್ತ ಚಿನ್ನದ ಬಣ್ಣದ ಪಟ್ಟಿ. ಮುಂದಿನ ತಲೆಮಾರಿನವರು ಗೋಡೆ ನೋಡಿ ಯಾರದೋ ಅಂದುಕೊಳ್ಳಲಿ. ಬೈದು ನಾಲ್ಕು ಮೆಸೇಜ್ ಹಾಕಿದೆ, ಎರಡು ಅಳಿಸಿದೆ.

ಆ ಏಳಂಕಿ ನಾನು ಬರೆದುಕೊಳ್ಳಲಿಲ್ಲ, ಆದರೂ ತಲೆಯಲ್ಲಿ ಕೂತುಬಿಟ್ಟಿದೆ. ನಾಳೆ ಭಾನುವಾರ, ಸಂತೆ ಇರುತ್ತೆ. ಕೊಳ್ಳೋಕಲ್ಲ. ವಿದೇಶಿ ಹೆಂಗಸು ಅಂದರೆ ಡಬ್ಬ ತೆಗೆದರೂ ತೆಗೆದಾರು, ಸುಮ್ಮನೆ ಒಂದೊಂದೇ ತಿರುಗಿಸಿ ನೋಡಬಹುದು. ನಲವತ್ತು ಲಕ್ಷದಲ್ಲಿ ಒಂದು, ಸಿಗೋ ಮಾತಲ್ಲ ಬಿಡಿ. ಆದರೆ ಸಿಕ್ಕೇಬಿಟ್ಟರೆ? ದುಡ್ಡು ಕೊಟ್ಟರೆ 324. ಪೊಲೀಸರಿಗೆ ಹೇಳಿದರೆ ಅದು ಅವರ ಬೀರು ಸೇರುತ್ತೆ, ಅಜ್ಜಿಯ ಕೈಗಲ್ಲ. ಅಜ್ಜಿಯನ್ನೇ ಕರೆದುಕೊಂಡು ಹೋಗಿ ಪುಸ್ತಕ ತೋರಿಸಿದರೆ ಆ ಮಾರುವವನು