ರಸ್ಸೋಲ್ನಿಕ್‌ನಲ್ಲಿ ಆಲೂಗಡ್ಡೆ ಯಾಕೆ ಬೇಯುವುದಿಲ್ಲ?

ರಷ್ಯನ್ನರ ಕೋಳಿ ಮತ್ತು ಉಪ್ಪುಸೌತೆಯ ಸೂಪ್ ರಸ್ಸೋಲ್ನಿಕ್ ಮಾಡಿ ನೋಡಿದವರು ಸಾಮಾನ್ಯವಾಗಿ ಕೇಳುವುದು ಇದನ್ನೇ: "ಅರ್ಧ ಗಂಟೆ ಕುದಿಸಿದರೂ ಆಲೂಗಡ್ಡೆ ಕಟಕಟ ಅನ್ನುತ್ತೆ, ಸೂಪ್ ವಿನೆಗರ್ ವಾಸನೆ ಹೊಡೆಯುತ್ತೆ. ಎಲ್ಲಿ ತಪ್ಪಿತು?"

ಎರಡು ಕಡೆ ತಪ್ಪಿದೆ. ಹುಳಿ ಬೇಗ ಬಿತ್ತು, ಬಿದ್ದ ಹುಳಿಯೂ ಸರಿಯಾದದ್ದಲ್ಲ.

ಮೊದಲನೆಯದು ನಮಗೆ ಹೊಸದೇನಲ್ಲ. ತರಕಾರಿ ಬೇಯುವ ಮೊದಲೇ ಹುಣಸೆರಸ ಹಾಕಿದರೆ ಅದು ಬೇಯದೆ ಗಟ್ಟಿಯಾಗೇ ಉಳಿಯುತ್ತದೆಂದು ಅಡುಗೆ ಮಾಡುವ ಎಲ್ಲರಿಗೂ ಗೊತ್ತು. ತರಕಾರಿಯ ಕಣಗಳನ್ನು ಒಂದಕ್ಕೊಂದು ಅಂಟಿಸಿಡುವ ಪೆಕ್ಟಿನ್ ಹುಳಿನೀರಿನಲ್ಲಿ ಸುಲಭವಾಗಿ ಕರಗುವುದಿಲ್ಲ. ಹಾಗಾಗಿ ಆಲೂಗಡ್ಡೆ ಬೆರಳಲ್ಲಿ ಒತ್ತಿದರೆ ಪುಡಿಯಾಗುವಷ್ಟು ಬೆಂದ ಮೇಲೆಯೇ ಸೌತೆ ಹಾಕಬೇಕು. ಮುಂಚೆಯೇ ಹಾಕಿಬಿಟ್ಟಿದ್ದರೆ ಇನ್ನೊಂದು ಗಂಟೆ ಕುದಿಸಿದರೂ ಪೂರ್ತಿ ಮೆತ್ತಗಾಗುವುದು ಕಷ್ಟ.

ಎರಡನೆಯದು ಬಾಟಲಿಯ ಸಮಸ್ಯೆ. ರಷ್ಯನ್ ಭಾಷೆಯಲ್ಲಿ ರಸ್ಸೋಲ್ ಎಂದರೆ ಉಪ್ಪುನೀರು, ಸೂಪಿನ ಹೆಸರು ಬಂದದ್ದು ಅಲ್ಲಿಂದ. ಆ ಸೌತೆಗೆ ವಿನೆಗರ್ ಸೋಕಿರುವುದಿಲ್ಲ. ಬರೀ ಉಪ್ಪುನೀರಿನಲ್ಲಿ ತಾನಾಗಿ ಹುಳಿಬಂದದ್ದು, ನಮ್ಮ ಕರಾವಳಿಯ ಉಪ್ಪುಸೊಳೆಯ ಹತ್ತಿರದ ನಂಟು. ಸೂಪರ್‌ಮಾರ್ಕೆಟ್ ಬಾಟಲಿಯಲ್ಲಿ ಬರುವುದು ಹೆಚ್ಚಾಗಿ ವಿನೆಗರ್ ಮತ್ತು ಸಕ್ಕರೆಯಲ್ಲಿ ಮುಳುಗಿಸಿದ್ದು. ಬೇರೆ ದಾರಿಯೇ ಇಲ್ಲದಿದ್ದರೆ ಕಾಯಿಯನ್ನು ತೊಳೆದು ಹಾಕಿ, ಬಾಟಲಿಯ ನೀರನ್ನು ಮಾತ್ರ ಸೂಪಿಗೆ ಸುರಿಯಬೇಡಿ. ಆಗ ಕುಡಿಯುವಂಥ ಸೂಪ್ ಸಿಗುತ್ತದೆ, ಆದರೆ ಅದನ್ನು ರಸ್ಸೋಲ್ನಿಕ್ ಎನ್ನಲು ನನಗೆ ಮನಸ್ಸು ಬಾರದು.

ಸೌತೆಯನ್ನು ಮನೆಯಲ್ಲೇ ಹುಳಿ ಬರಿಸುವುದು ಉತ್ತಮ. 1 ಲೀಟರ್ ನೀರಿಗೆ 50 ಗ್ರಾಂ ಉಪ್ಪು ಕರಗಿಸಿ. ಎಳೆಯ, ಗಟ್ಟಿಯಾದ 1 ಕೆಜಿ ಸೌತೆ ತೊಳೆದು, ಹೂವಿನ ಕಡೆಯ ತುದಿಯನ್ನು ತೆಳ್ಳಗೆ ಕತ್ತರಿಸಿ ತೆಗೆಯಿರಿ. ಕಾಯಿಯನ್ನು ಮೆತ್ತಗಾಗಿಸುವ ಕಿಣ್ವ ಇರುವುದು ಅಲ್ಲೇ. ಐದಾರು ಎಸಳು ಬೆಳ್ಳುಳ್ಳಿ, ಒಂದು ಹಿಡಿ ಸಬ್ಬಸಿಗೆ ದಂಟು, ಸಿಕ್ಕರೆ ಎರಡು ದ್ರಾಕ್ಷಿ ಎಲೆ ಜೊತೆಗಿರಲಿ. ಎಲೆಯ ಒಗರು ಕಾಯಿಯ ಗರಿಗರಿ ಉಳಿಸುತ್ತದೆ. ರಷ್ಯಾದಲ್ಲಿ ಆ ಕೆಲಸಕ್ಕೆ ಓಕ್, ಚೆರಿ ಎಲೆ ಹಾಕುತ್ತಾರೆ. ಕಾಯಿ ನೀರಿನಿಂದ ಮೇಲೆ ಬರದಂತೆ ಭಾರ ಇಟ್ಟು, ಮುಚ್ಚಳ ಸಡಿಲ ಬಿಡಿ. ಬೆಂಗಳೂರಿನ ಹವೆಯಲ್ಲಿ ನಾಲ್ಕೈದು ದಿನಕ್ಕೆ ಹುಳಿ ಕೂಡುತ್ತದೆ, ಆಮೇಲೆ ಫ್ರಿಜ್ಜಿಗೆ. ನೀರು ಮಸುಕಾಗುವುದು ಸಹಜ. ಲೋಳೆಯಾದರೆ, ಕೊಳೆತ ವಾಸನೆ ಬಂದರೆ, ಬೂಸ್ಟು ಕಟ್ಟಿದರೆ ಚೆಲ್ಲಿಬಿಡಿ. ಇದಕ್ಕೆ ಮಿಡಿಸೌತೆಯಷ್ಟು ಹೊಂದುವ ಕಾಯಿ ಇನ್ನೊಂದಿಲ್ಲ. ಕರ್ನಾಟಕದ ರೈತರು ರಫ್ತಿಗೆಂದೇ ಅದನ್ನು ಬೆಳೆಯುತ್ತಾರೆ, ಭಾರತದ ಮಿಡಿಸೌತೆ ರಷ್ಯಾಕ್ಕೂ ಹೋಗುತ್ತದೆ. ನಮ್ಮ ಸಂತೆಯಲ್ಲಿ ಅದು ಕಣ್ಣಿಗೆ ಬೀಳುವುದೇ ಅಪರೂಪ ಎಂಬುದು ಬೇರೆ ಮಾತು.

ಇನ್ನು ಸೂಪ್, ಆರು ಜನಕ್ಕೆ. ಹಿಂದಿನ ರಾತ್ರಿ 80 ಗ್ರಾಂ ಬಾರ್ಲಿ ನೆನೆಹಾಕಿ. ಬೆಳಿಗ್ಗೆ ತೊಳೆದು ಬೇರೆ ಪಾತ್ರೆಯಲ್ಲಿ 40 ನಿಮಿಷ ಬೇಯಿಸಿ, ಬಸಿದು, ಮತ್ತೆ ತೊಳೆದಿಡಿ. ಸೂಪಿನಲ್ಲೇ ಬೇಯಿಸಿದರೆ ಒಂದು ಪಾತ್ರೆ ತೊಳೆಯುವುದು ಉಳಿಯುತ್ತದೆ, ಆದರೆ ಬಾರ್ಲಿಯ ಗಂಜಿ ಇಳಿದು ಸಾರು ಬೂದು ಬಣ್ಣಕ್ಕೆ ತಿರುಗಿ ಲೋಳೆಯಾಗುತ್ತದೆ.

ಮೂಳೆಯಿರುವ ಕೋಳಿ ಕಾಲು 700 ಗ್ರಾಂ, ತಣ್ಣೀರು 2 ಲೀಟರ್. ಕುದಿ ಬರುವಾಗ ನೊರೆ ತೆಗೆದು, ಇಡೀ ಈರುಳ್ಳಿ ಒಂದು, ಐದಾರು ಕಾಳುಮೆಣಸು ಹಾಕಿ ಸಣ್ಣ ಉರಿಯಲ್ಲಿ 45 ನಿಮಿಷ ಬಿಡಿ. ನಾಟಿ ಕೋಳಿಯಾದರೆ ಒಂದೂವರೆ ಗಂಟೆಯಾದರೂ ಬೇಕು. ಕೊತಕೊತ ಕುದಿಸಿದರೆ ಸಾರು ಕದಡುತ್ತದೆ. ಉಪ್ಪು ಹಾಕಬೇಡಿ, ಕಾರಣ ಮುಂದೆ ಹೇಳುತ್ತೇನೆ. ಬೆಂದ ಮೇಲೆ ಮಾಂಸ ಬಿಡಿಸಿಟ್ಟು, ಸಾರು ಸೋಸಿ.

ಅಷ್ಟರಲ್ಲಿ 250 ಗ್ರಾಂ ಉಪ್ಪುಸೌತೆಯನ್ನು ಸಣ್ಣ ಉದ್ದ ಎಳೆಗಳಾಗಿ ಹೆಚ್ಚಿ. ಸಿಪ್ಪೆ ದಪ್ಪಗಿದ್ದರೆ ಹೆರೆದು, ಬೀಜ ಬಲಿತಿದ್ದರೆ ತೆಗೆದುಹಾಕಿ. ಒಂದು ಚಮಚ ಬೆಣ್ಣೆ, ಒಂದು ಸೌಟು ಸಾರಿನೊಂದಿಗೆ ಮುಚ್ಚಿ 15 ನಿಮಿಷ ಬಾಡಿಸಿ. ಈ ಹಂತವನ್ನು ಹಾರಿಸುವವರೇ ಹೆಚ್ಚು. ಹಸಿಯಾಗಿ ಸೂಪಿಗೆ ಬಿದ್ದ ಸೌತೆ ಹುಳಿಯನ್ನು ಬಿಟ್ಟುಕೊಡದೆ ಬೇರೆಯಾಗಿ ತೇಲುತ್ತದೆ, ಬಾಡಿದ್ದು ಸಾರಿನೊಂದಿಗೆ ಬೆರೆಯುತ್ತದೆ. ಇನ್ನೊಂದು ಬಾಣಲೆಯಲ್ಲಿ ಒಂದು ಈರುಳ್ಳಿ, ಒಂದು ಕ್ಯಾರೆಟ್ ಬೆಣ್ಣೆಯಲ್ಲಿ ಹುರಿಯಿರಿ. ಬಣ್ಣ ತಿರುಗಬೇಕು, ಕಂದಾಗಬಾರದು.

ಸಾರು ಕುದಿಯುವಾಗ 300 ಗ್ರಾಂ ಆಲೂಗಡ್ಡೆ ಹೋಳು ಹಾಕಿ. ಸುಮಾರು 12 ನಿಮಿಷಕ್ಕೆ ಒಂದು ಹೋಳು ತೆಗೆದು ಒತ್ತಿ ನೋಡಿ. ಪುಡಿಯಾದರೆ ಮಾತ್ರ ಮುಂದಕ್ಕೆ. ಬಾರ್ಲಿ, ಹುರಿದ ಈರುಳ್ಳಿ-ಕ್ಯಾರೆಟ್, ಬಾಡಿಸಿದ ಸೌತೆ, ಎರಡು ಪಲಾವ್ ಎಲೆ ಹಾಕಿ 5 ನಿಮಿಷ. ಸೌತೆಯ ಉಪ್ಪುನೀರು 200 ಮಿಲಿಯನ್ನು ಬೇರೆ ಕುದಿಸಿ, ನೊರೆ ತೆಗೆದು, ಸೋಸಿ, ಅರ್ಧ ಮೊದಲು ಸುರಿಯಿರಿ. ಎರಡು ನಿಮಿಷ ಬಿಟ್ಟು ರುಚಿ ನೋಡಿ ಉಳಿದದ್ದು. ಕೊನೆಗೆ ಮಾಂಸ.

ಈಗ ಉಪ್ಪಿನ ಲೆಕ್ಕ. ಮೇಲೆ ಹೇಳಿದ ಅಳತೆಯಲ್ಲಿ ಹುಳಿಬಂದ ಮೇಲೆ ಕಾಯಿಯಲ್ಲೂ ನೀರಿನಲ್ಲೂ ಉಪ್ಪು ಶೇಕಡಾ 2.5ರ ಸುಮಾರಿಗೆ ನಿಲ್ಲುತ್ತದೆ. 250 ಗ್ರಾಂ ಕಾಯಿ, 200 ಮಿಲಿ ನೀರು ಎಂದರೆ 11 ಗ್ರಾಂ, ಹತ್ತಿರಹತ್ತಿರ ಎರಡು ಟೀ ಚಮಚ. ಸಾರಿಗೆ ಮೊದಲೇ ಉಪ್ಪು ಬಿದ್ದಿದ್ದರೆ ಹುಳಿ ಹೊಂದಿಸಲು ಜಾಗವೇ ಇರುವುದಿಲ್ಲ: ಉಪ್ಪುನೀರು ಕಡಿಮೆ ಮಾಡಿದರೆ ಸೂಪಿಗೆ ಹುಳಿ ಸಾಲದು, ಸುರಿದರೆ ಬಾಯಿಗಿಡಲಾಗದು.

ಕೋಳಿ ಹಾಕಿದರೆ ಸಂಪ್ರದಾಯ ಕೆಟ್ಟೀತೇ ಎಂದೂ ಕೆಲವರು ಕೇಳುತ್ತಾರೆ. ಹಳೆಯ ಪದ್ಧತಿಯಲ್ಲಿ ದನ ಅಥವಾ ಕರುವಿನ ಮೂತ್ರಪಿಂಡ ಹೆಸರಾದದ್ದು ನಿಜ, ಆದರೆ ಕೋಳಿಯ ಮಾಂಸ, ಗುಂಡಿಗೆ, ಜಠರ ಹಾಕಿದ ರಸ್ಸೋಲ್ನಿಕ್ ಕೂಡ ಹಳೆಯದೇ. ಬಾರ್ಲಿ, ಆಲೂಗಡ್ಡೆ ಸೇರಿದ್ದನ್ನು ಸೋವಿಯತ್ ಕಾಲದಿಂದ ಲೆನಿನ್‌ಗ್ರಾಡ್ ರಸ್ಸೋಲ್ನಿಕ್ ಎನ್ನುತ್ತಾರೆ, ಅದಕ್ಕೆ ಟೊಮ್ಯಾಟೊ ಪೇಸ್ಟ್ ಹಾಕುವುದೂ ಉಂಟು. ಕೋಳಿಯ ತಿಳಿ ಸಾರಿಗೆ ಅದು ಬೇಡ ಎಂಬುದು ನನ್ನ ಮತ.

ಬಡಿಸುವಾಗ ಹೆಚ್ಚಿದ ಸಬ್ಬಸಿಗೆ, ಮೇಲೊಂದು ಚಮಚ ಸ್ಮೆತಾನಾ, ಅಂದರೆ ರಷ್ಯನ್ನರ ಹುಳಿ ಕ್ರೀಮ್. ಅದಕ್ಕೆ ಬದಲಾಗಿ ನೀರು ಬಸಿದ ಗಟ್ಟಿ ಮೊಸರು ಮೂರು ಪಾಲು, ಕ್ರೀಮ್ ಒಂದು ಪಾಲು ಕಲಸಿಕೊಳ್ಳಿ. ಪಾತ್ರೆಗೆ ಹಾಕಿ ಕುದಿಸಿದರೆ ಒಡೆಯುತ್ತದೆ, ಬಟ್ಟಲಿಗೇ ಹಾಕಿ. ಮಾರನೇ ದಿನಕ್ಕೆ ರುಚಿ ಇನ್ನೂ ಕೂಡಿರುತ್ತದೆ, ಆದರೆ ಬಾರ್ಲಿ ಸಾರನ್ನೆಲ್ಲ ಹೀರಿ ಉಬ್ಬಿರುತ್ತದೆ. ಬಿಸಿ ಮಾಡುವಾಗ ಒಂದು ಲೋಟ ಬಿಸಿನೀರು ಸೇರಿಸಿ.